ಭಾಗ 11: ಪೆಟ್ರೋಲ್ ಬಂಕಿನ ಗಮ್ಮಿ, 0.3% ಲೆಕ್ಕ

ಪರ್ಸೆಂಟೇಜ್ ಲೆಕ್ಕ ಬರುತ್ತೆ ತಾನೆ? ಹಾಗಾದ್ರೆ ಪೂರ್ತಿ ಓದಿ.

ನಮ್ಮ ದೊಡ್ಡಪ್ಪನ ಮಗ ಟೆಕ್ಸಾಸ್‌ನಲ್ಲಿ ಎಂಎಸ್ ಮಾಡ್ತಿದ್ದಾನೆ. ಒಂದಿನ ಪೆಟ್ರೋಲ್ ಬಂಕಿನ ಅಂಗಡಿಯಿಂದ ಫೋಟೊ ಕಳ್ಸಿದ. ಚಿಪ್ಸ್ ಪಕ್ಕದಲ್ಲೇ ಬಣ್ಣಬಣ್ಣದ ಗಮ್ಮಿ ಪ್ಯಾಕೆಟ್, ಮೇಲೆ ದಪ್ಪಕ್ಷರದಲ್ಲಿ ಟಿಎಚ್‌ಸಿ. ಗಾಂಜಾದಲ್ಲಿ ನಶೆ ಏರಿಸೋದು ಅದೇ. "ಇಲ್ಲಿ ಗಾಂಜಾ ಇಲ್ಲೀಗಲ್, ಇದು ಹೆಂಗೋ ಲೀಗಲ್ಲು?" ಅಂದ.

ಹುಡುಕಿದೆ. ಎಲ್ಲಾ ಶುರುವಾಗಿದ್ದು 2018ರ ಫಾರ್ಮ್ ಬಿಲ್‌ನಿಂದ. ಒಣ ತೂಕದಲ್ಲಿ ಡೆಲ್ಟಾ-9 ಟಿಎಚ್‌ಸಿ 0.3% ದಾಟದಿದ್ರೆ ಅದು ಗಾಂಜಾ ಅಲ್ಲ, ಹೆಂಪ್ ಅಂತ ಅಮೆರಿಕದ ಕಾನೂನು ಬರೆದುಬಿಡ್ತು. ಗಿಡಕ್ಕೆ ಈ ಅಳತೆ ಸರಿ. ಮಿಠಾಯಿಗೆ? 4 ಗ್ರಾಂ ಗಮ್ಮಿಯಲ್ಲಿ 0.3% ಅಂದ್ರೆ 12 ಮಿಲಿಗ್ರಾಂ. 50 ಗ್ರಾಂ ಚಾಕಲೇಟಲ್ಲಿ 150! ಸಕ್ಕರೆ ಸುರಿದಷ್ಟೂ ಪರ್ಸೆಂಟ್ ಇಳಿಯುತ್ತೆ, ನಶೆ ಇಳಿಯಲ್ಲ. ಅಕೌಂಟ್ಸಲ್ಲಿ ವಿಂಡೋ ಡ್ರೆಸಿಂಗ್ ಅಂತ ಓದಿದ್ವಲ್ಲ, ಥೇಟ್ ಅದೇ. ಸಾಲದ್ದಕ್ಕೆ ಕಾನೂನಲ್ಲಿ ಡೆಲ್ಟಾ-9 ಹೆಸರು ಮಾತ್ರ ಇದ್ದಿದ್ರಿಂದ, ಲ್ಯಾಬಲ್ಲಿ ಡೆಲ್ಟಾ-8 ಮಾಡಿ ಮಾರೋರೂ ಹುಟ್ಕೊಂಡ್ರು.

ಆಮೇಲೆ ರಾಜ್ಯಕ್ಕೊಂದು ರೂಲ್ಸು. ಐಡಾಹೊದಲ್ಲಿ ಟಿಎಚ್‌ಸಿ ಸೊನ್ನೆ ಇರಬೇಕು. ಮಿನೆಸೋಟ 2022ರಲ್ಲಿ ಒಂದು ಸರ್ವಿಂಗ್‌ಗೆ 5 ಮಿಲಿಗ್ರಾಂ, ಪ್ಯಾಕೆಟ್‌ಗೆ 50, ವಯಸ್ಸು 21 ಅಂತ ಗೆರೆ ಎಳೀತು. ಟೆಕ್ಸಾಸ್ ಶಾಸಕರು 2025ರಲ್ಲಿ ಪೂರ್ತಿ ಬ್ಯಾನ್ ಪಾಸ್ ಮಾಡಿದ್ರು, ಗವರ್ನರ್ ಗ್ರೆಗ್ ಅಬಾಟ್ ಜೂನಲ್ಲಿ ವೀಟೋ ಹಾಕಿದ್ರು, ಸೆಪ್ಟೆಂಬರಲ್ಲಿ ಅವರೇ 21 ವಯಸ್ಸಿನ ಆದೇಶ ತಂದ್ರು. ನವೆಂಬರಲ್ಲಿ ಕೇಂದ್ರ ಸರ್ಕಾರ ಒಂದು ವರ್ಷದ ಗಡುವು ಕೊಟ್ಟು, ಡಬ್ಬಿಗೆ 0.4 ಮಿಲಿಗ್ರಾಂ ಮೀರಬಾರದು ಅಂತ ಕಾನೂನು ಮಾಡ್ತು. ಗಮ್ಮಿಗಲ್ಲ, ಇಡೀ ಡಬ್ಬಿಗೆ. ಹೆಸರಿಗೆ ಮಿತಿ, ನಿಜಕ್ಕೂ ಬ್ಯಾನೇ.

ನನಗೆ ಮಿನೆಸೋಟದ ದಾರಿ ಸರಿ ಅನ್ಸುತ್ತೆ. ಮಿಲಿಗ್ರಾಂ ಲೆಕ್ಕ ಇಡಿ, ಐಡಿ ಕಾರ್ಡ್ ನೋಡಿ ಮಾರಿ. ಪೂರ್ತಿ ಮುಚ್ಚಿದ್ರೆ ಅದೇ ಸರಕು ಲೇಬಲ್ ಇಲ್ಲದೆ ಬರುತ್ತೆ, ಎಷ್ಟು ತಿಂದ್ವಿ ಅಂತ್ಲೇ ಗೊತ್ತಾಗಲ್ಲ. ಮಕ್ಕಳ ಮಿಠಾಯಿ ಥರ ಪ್ಯಾಕ್ ಮಾಡೋರ ಮೇಲೆ ಮಾತ್ರ ಯಾವ ಕನಿಕರಾನೂ ಬೇಡ.

ಎಂಎಸ್ ಕನಸು ಕಾಣ್ತಿರೋರೇ, ಒಂದು ಮಾತು. ಅಂಗಡೀಲಿ ಲೀಗಲ್ ಆದ್ರೂ ಡ್ರಗ್ ಟೆಸ್ಟಲ್ಲಿ ಪಾಸಿಟಿವ್ ಬರಬಹುದು, ಮೂತ್ರಕ್ಕೆ ಹೆಂಪ್ ಯಾವುದು ಗಾಂಜಾ ಯಾವುದು ಗೊತ್ತಾಗಲ್ಲ. ವೀಸಾ ಮೇಲಿರೋರಿಗೆ ಆ ತಲೆನೋವು ಇನ್ನೂ ದೊಡ್ಡದು. ಊರಿಗೆ ಬರೋವಾಗ ಬ್ಯಾಗಲ್ಲಂತೂ ತರಲೇಬೇಡಿ. ಇಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ, ಅದ್ರಲ್ಲಿ 0.3ರ ರಿಯಾಯಿತಿ ಇಲ್ಲ.

ನಮ್ಮಣ್ಣ ಕೊನೆಗೆ ಚಿಪ್ಸ್ ತಗೊಂಡು ಬಂದ್ನಂತೆ. ದೊಡ್ಡಮ್ಮಂಗೆ ಯಾರೂ ಈ ಪೋಸ್ಟ್ ತೋರಿಸಬೇಡಿ ಪ್ಲೀಸ್.