ಈದ್ ಕಳೆದ ಮೇಲಿನ ನಮಾಝ್



ಈದ್ ಕಳೆದು ಮೂರು ವಾರವಾಗಿತ್ತು. ಸಂಜೆ ಮಕ್ಕಳ ಸಬಕ್ ಮುಗಿಸಿ ಕುರ್‌ಆನ್‌ಗಳನ್ನು ಕಪಾಟಿನಲ್ಲಿ ಇಡುತ್ತಿದ್ದೆ. ಮಗುವನ್ನು ಕರೆದುಕೊಂಡು ಹೋಗಲು ಬಂದ ಒಬ್ಬ ತಾಯಿ ಹೋಗದೆ ಬಾಗಿಲ ಹೊರಗೇ ನಿಂತಿದ್ದಳು. ದಾಬಸ್‌ಪೇಟೆ ಕಡೆಯ ಒಂದು ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಅವಳಿಗೆ. "ಒಳಗೆ ಬಾರಮ್ಮಾ" ಎಂದೆ. ಕುಳಿತು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದಳು: "ಆಪಾ, ರಮಝಾನ್‌ನಲ್ಲಿ ಎರಡು ಖತಮ್ ಮಾಡಿದೆ. ತಹಜ್ಜುದ್‌ಗೂ ಏಳುತ್ತಿದ್ದೆ. ಈಗ ಫಜ್ರ್‌ಗೂ ಏಳಲು ಆಗುತ್ತಿಲ್ಲ. ಕುರ್‌ಆನ್ ತೆರೆದು ಹದಿನೈದು ದಿನವಾಯಿತು. ನನ್ನ ರಮಝಾನ್ ಕಬೂಲ್ ಆಗಲಿಲ್ಲವೇನೋ?" ಅವಳ ಕಣ್ಣಲ್ಲಿ ನೀರಿತ್ತು.

ಕಬೂಲ್ ಆಯಿತೋ ಇಲ್ಲವೋ ಎಂದು ಹೇಳಲು ನಾನು ಯಾರು? ಅದು ಅಲ್ಲಾಹನಿಗೆ ಮಾತ್ರ ಗೊತ್ತು. ನಾನು ಬೇರೆಯೇ ಒಂದು ಪ್ರಶ್ನೆ ಕೇಳಿದೆ. "ಈದ್ ಆದ ಮೇಲೆ ಮೊದಲು ತಪ್ಪಿದ ನಮಾಝ್ ಯಾವುದು, ಯಾವ ದಿನ?" ಅವಳು ಯೋಚಿಸಿದಳು. ಈದ್‌ನ ನಾಲ್ಕನೆಯ ದಿನ ಮುಟ್ಟಾಗಿತ್ತು. ಆರು ದಿನ ಹಾಗೆ ಹೋಯಿತು. ನಿಂತ ದಿನ ಮನೆಯಲ್ಲಿ ನೆಂಟರಿದ್ದರು, ಸ್ನಾನ ನಾಳೆ ಎಂದಳು. ನಾಳೆ ಬೆಳಿಗ್ಗೆ ಬೇಗ ಶಿಫ್ಟ್. ಅಲ್ಲಿಂದ ಮುಂದಿನದು ಅವಳಿಗೇ ನೆನಪಿಲ್ಲ.

ನನಗೆ ಆಶ್ಚರ್ಯವಾಗಲಿಲ್ಲ. ಏಕೆಂದರೆ ಅದೇ ದಾರಿಯಲ್ಲಿ ನಾನೂ ಜಾರಿದವಳು. ಮದ್ರಸಾದಲ್ಲಿ ಆಲಿಮಾ ಕೋರ್ಸು ಮುಗಿಸಿ, ಆಮೇಲೆ ಬಿ.ಎ. ಮಾಡಿ, ಶಿವಗಂಗೆಯ ಬೆಟ್ಟದ ಕೆಳಗಿನ ಶಾಲೆಯಲ್ಲಿ ಟೀಚರ್ ಆದೆ. ಎರಡನೆಯ ಮಗು ಹುಟ್ಟಿದ ವರ್ಷ, ಸಂಜೆ ಮಕ್ಕಳಿಗೆ ಫಜ್ರ್‌ನ ಮಹತ್ವ ಕಲಿಸುತ್ತಿದ್ದ ನಾನೇ ತಿಂಗಳುಗಟ್ಟಲೆ ಫಜ್ರ್‌ಗೆ ಏಳುತ್ತಿರಲಿಲ್ಲ. ರಾತ್ರಿಯೆಲ್ಲ ಮಗು ಅಳುತ್ತದೆ ಎಂಬುದು ಕಾರಣ. ಕಾರಣ ಸುಳ್ಳಲ್ಲ. ಆದರೆ ಎದ್ದ ಮೇಲಾದರೂ ಓದುತ್ತಿದ್ದೆನೇ? ಇಲ್ಲ. "ಹೇಗೂ ಹೊತ್ತು ಮೀರಿತು" ಎಂದುಕೊಂಡು ಒಲೆಯ ಮುಂದೆ ಹೋಗುತ್ತಿದ್ದೆ. ನಿದ್ದೆಯಲ್ಲಿ ತಪ್ಪಿದ ನಮಾಝನ್ನು ನೆನಪಾದಾಗ ಓದಿರಿ ಎಂದು ಪ್ರವಾದಿವರ್ಯರು(ಸ) ಕಲಿಸಿರುವುದು (ಬುಖಾರಿ, ಮುಸ್ಲಿಮ್) ನನಗೆ ಬಾಯಿಪಾಠವಾಗಿತ್ತು. ಸೂರ್ಯ ಹುಟ್ಟುವ ಹೊತ್ತು ಕಳೆದರೆ ಸಾಕು, ಓದಬಹುದಿತ್ತು.

ಆ ದಿನಗಳಲ್ಲಿ ನನಗೆ ನೆನಪಾಗುತ್ತಿದ್ದದ್ದು ನನ್ನ ಅಮ್ಮಿ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಏಳೆಂಟು ಸಣ್ಣ ಸೂರಾಗಳು ಬಿಟ್ಟರೆ ಹೆಚ್ಚು ಬರುತ್ತಿರಲಿಲ್ಲ. ಮನೆಯಲ್ಲಿ ಕುಳಿತು ಅಗರಬತ್ತಿ ಹೊಸೆಯುತ್ತಿದ್ದರು, ಸಾವಿರಕ್ಕೆ ಇಷ್ಟು ಎಂದು ಕೂಲಿ. ಮಧ್ಯಾಹ್ನ ಬಿಸಿಲು ಹೊಸ್ತಿಲು ದಾಟಿದರೆ ಕೈ ತೊಳೆದು ಏಳುತ್ತಿದ್ದರು. ಝುಹ್ರ್ ಓದಿ ಮತ್ತೆ ಹಲಗೆಯ ಮುಂದೆ ಕೂರುತ್ತಿದ್ದರು. ಅವರು ತಹಜ್ಜುದ್ ಓದಿದ್ದನ್ನು ನಾನು ಕಂಡದ್ದು ಕಡಿಮೆ. ಆದರೆ ಐದು ಹೊತ್ತು ತಪ್ಪಿಸಿದ್ದನ್ನು ಕಂಡೇ ಇಲ್ಲ. ಇನ್ನೊಂದು ಮಾತು ಹೇಳಬೇಕು. ಮಾಲು ಒಯ್ಯಲು ಬರುವವನು ಬೇರೆ ಮನೆಗಳ ಕಟ್ಟನ್ನು ಬಿಚ್ಚಿ ಎಣಿಸುತ್ತಿದ್ದ, ಅಮ್ಮಿಯ ಕಟ್ಟನ್ನು ಎಣಿಸುತ್ತಿರಲಿಲ್ಲ. ಸಾವಿರವೆಂದರೆ ಸಾವಿರವೇ ಇರುತ್ತಿತ್ತು. ನಮಾಝಿನಲ್ಲಿ ಒಂದು ಹೊತ್ತು ಕದಿಯದವರು ಕಟ್ಟಿನಲ್ಲಿ ಹತ್ತು ಕಡ್ಡಿ ಕದಿಯುತ್ತಾರೆಯೇ?

ಅತ್ಯಂತ ಪ್ರಿಯವಾದ ಕರ್ಮ ಯಾವುದೆಂದು ಕೇಳಿದಾಗ, ಸ್ವಲ್ಪವೇ ಆದರೂ ನಿರಂತರವಾಗಿ ಮಾಡುವಂಥದ್ದು ಎಂಬ ಅರ್ಥದ ಉತ್ತರವನ್ನು ಪ್ರವಾದಿವರ್ಯರು(ಸ) ನೀಡಿದ್ದನ್ನು ಹ. ಆಯಿಶಾ(ರ) ವರದಿ ಮಾಡಿದ್ದಾರೆ (ಬುಖಾರಿ, ಮುಸ್ಲಿಮ್). ಈ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಈಗಂತೂ ಮೊಬೈಲಿನಲ್ಲಿ ಗುಲಾಬಿ ಹೂವಿನ ಚಿತ್ರದ ಮೇಲೆ ಬರೆದು ದಿನಕ್ಕೆ ಮೂರು ಸಲ ಬರುತ್ತದೆ. (ಹತ್ತು ಜನರಿಗೆ ಕಳಿಸಿ ಎಂಬ ಆಜ್ಞೆಯೂ ಕೆಳಗಿರುತ್ತದೆ. ಕಳಿಸುವಷ್ಟು ಹೊತ್ತಿನಲ್ಲಿ ಎರಡು ರಕಅತ್ ಆಗುತ್ತದೆ!) ಆದರೆ ನಮ್ಮ ಮನಸ್ಸು ಒಪ್ಪುವುದು ಹೆಚ್ಚಿನದನ್ನೇ. ಎರಡು ಖತಮ್, ಇಪ್ಪತ್ತು ತರಾವೀಹ್. ಅಷ್ಟಾಗದಿದ್ದರೆ ಏನೂ ಬೇಡ ಎನ್ನುತ್ತೇವೆ.

ಮಸೀದಿಯಲ್ಲಿ ಎರಡು ಕಂಬಗಳ ನಡುವೆ ಒಂದು ಹಗ್ಗ ಕಟ್ಟಿದ್ದನ್ನು ಪ್ರವಾದಿವರ್ಯರು(ಸ) ಕಂಡರು. ಏನಿದು ಎಂದು ಕೇಳಿದರು. ಇದು ಹ. ಝೈನಬ್(ರ) ಅವರದು, ನಮಾಝಿನಲ್ಲಿ ಆಯಾಸವಾದಾಗ ಹಿಡಿದುಕೊಂಡು ನಿಲ್ಲುತ್ತಾರೆ ಎಂದರು. ಅದನ್ನು ಬಿಚ್ಚಲು ಹೇಳಿದರು, ಉತ್ಸಾಹವಿರುವಷ್ಟು ಹೊತ್ತು ನಮಾಝ್ ಓದಲಿ, ದಣಿದರೆ ಕುಳಿತುಕೊಳ್ಳಲಿ ಎಂದು ತಿಳಿಸಿದರು (ಬುಖಾರಿ, ಮುಸ್ಲಿಮ್). ಅದು ನಫಿಲ್ ನಮಾಝಿನ ವಿಷಯ. ಮನೆಗೆಲಸ, ಕೂಲಿ, ಮಕ್ಕಳು ಎಂದು ದಣಿಯುವ ಹೆಂಗಸರಿಗೆ ಈ ಘಟನೆ ದೊಡ್ಡ ಸಮಾಧಾನ. ಕಡ್ಡಾಯವಾಗಿರುವುದು ಎಷ್ಟು? ದಿನಕ್ಕೆ 17 ಫರ್ಝ್ ರಕಅತ್‌ಗಳು. ಸಮಾಧಾನದಿಂದ ಓದಿದರೂ ಎಲ್ಲ ಸೇರಿ ಅರ್ಧ ಗಂಟೆಯ ಆಸುಪಾಸು. ಸುನ್ನತ್, ವಿತ್ರ್‌ಗಳನ್ನು ಹಗುರವಾಗಿ ಕಾಣಬೇಕೆಂದು ನಾನು ಹೇಳುತ್ತಿಲ್ಲ. ಬಿದ್ದವಳು ಏಳುವಾಗ ಮೊದಲು ನೆಲಕ್ಕೆ ಊರಬೇಕಾದ ಕೈ ಯಾವುದೆಂದು ಹೇಳುತ್ತಿದ್ದೇನೆ.

ಈಗ ಆ ತಾಯಿಯ ವಿಷಯಕ್ಕೆ ಬರೋಣ. ಇದನ್ನು ಬರೆಯಲು ಸ್ವಲ್ಪ ಸಂಕೋಚವೇ. ಆದರೆ ಹೆಂಗಸರು ಓದುವ ಪತ್ರಿಕೆಯಲ್ಲಿ ಬರೆಯದೆ ಇನ್ನೆಲ್ಲಿ ಬರೆಯುವುದು? ತಿಂಗಳ ಆ ದಿನಗಳಲ್ಲಿ ನಮಗೆ ನಮಾಝ್ ಇಲ್ಲ, ಅದರ ಕಝಾ ಕೂಡ ಇಲ್ಲ. ಇದು ಅಲ್ಲಾಹನು ಕೊಟ್ಟ ರಿಯಾಯಿತಿ. ಇದರಲ್ಲಿ ಕೀಳರಿಮೆ ಪಡುವಂಥದ್ದೇನೂ ಇಲ್ಲ. ಆದರೆ ಗಂಡಸರ ದಿನಚರಿಯಲ್ಲಿ ಇಲ್ಲದ ಒಂದು ಬಿಡುವು ನಮ್ಮ ದಿನಚರಿಯಲ್ಲಿ ತಿಂಗಳಿಗೊಮ್ಮೆ ಬರುತ್ತದೆ, ಆ ಬಿಡುವು ಮುಗಿದ ಮೇಲೆ ಮತ್ತೆ ಶುರು ಮಾಡುವುದು ಕಷ್ಟ. ನಿಂತ ಕೂಡಲೇ ಸ್ನಾನ ಮಾಡಿ ಆ ಹೊತ್ತಿನ ನಮಾಝಿನಿಂದಲೇ ಆರಂಭಿಸಬೇಕು ಎಂಬುದನ್ನು "ನಾಳೆ ತಲೆಗೆ ನೀರು ಹಾಕಿಕೊಂಡರಾಯಿತು" ಎಂದು ಮುಂದೂಡುತ್ತೇವೆ. ಆ ಒಂದು ದಿನದಲ್ಲಿ ಐದು ಫರ್ಝ್ ಹೋಗುತ್ತವೆ. (ದಿನಗಳ ಲೆಕ್ಕದಲ್ಲಿ ಏರುಪೇರಿದ್ದವರು ಆಲಿಮಾ ಒಬ್ಬರನ್ನು ಕೇಳಿ ತಿಳಿಯಿರಿ, ನಾಚಿಕೊಳ್ಳಬೇಡಿ.)

ನಮ್ಮ ಹಿಂದಿನ ವಿದ್ವಾಂಸರಿಗೆ ಈ ಅಪಾಯ ಗೊತ್ತಿತ್ತು. ಔರಂಗಝೇಬನ ಕಾಲದಲ್ಲಿ, 17ನೇ ಶತಮಾನದಲ್ಲಿ, ಸಂಕಲನಗೊಂಡ 'ಫತಾವಾ ಆಲಮ್‌ಗೀರಿ'ಯಲ್ಲಿ ಇದರ ಬಗ್ಗೆ ಒಂದು ಸಲಹೆಯಿದೆ. ಮುಟ್ಟಾದವಳು ನಮಾಝಿನ ಹೊತ್ತಾದಾಗ ವುಝೂ ಮಾಡಿ, ಮನೆಯಲ್ಲಿ ತಾನು ನಮಾಝ್ ಓದುವ ಜಾಗದಲ್ಲಿ ಸ್ವಲ್ಪ ಹೊತ್ತು ಕುಳಿತು ತಸ್ಬೀಹ್ ಹೇಳುವುದು ಒಳ್ಳೆಯದು ಎಂದು. ಹನಫಿ ವಿದ್ವಾಂಸರು ಇದಕ್ಕೆ ಹೇಳುವ ಕಾರಣ, ಅಭ್ಯಾಸ ತಪ್ಪದಿರಲಿ ಎಂಬುದು. ಇದು ಕಡ್ಡಾಯವಲ್ಲ. ಮದ್ರಸಾದಲ್ಲಿ ಇದನ್ನು ಓದಿದಾಗ ನಾನು ಪುಟ ತಿರುಗಿಸಿ ಮುಂದೆ ಹೋಗಿದ್ದೆ. ಮದುವೆಯಾಗಿ ಹತ್ತು ವರ್ಷವಾದ ಮೇಲೆ ಅದರ ಬೆಲೆ ತಿಳಿಯಿತು. ನಮಾಝ್ ಇಲ್ಲದಿದ್ದರೂ ಹೊತ್ತು ನಮ್ಮದೇ.

ಬಿಟ್ಟ ಉಪವಾಸಗಳ ಕಝಾ ಮಾತ್ರ ನಮ್ಮ ಮೇಲಿದೆ. ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಹ. ಆಯಿಶಾ(ರ) ಅವರೇ ತಮ್ಮ ಕಝಾ ಉಪವಾಸಗಳನ್ನು ಶಅಬಾನ್ ತಿಂಗಳಲ್ಲಿ ತೀರಿಸುತ್ತಿದ್ದುದನ್ನು ಹೇಳಿದ್ದಾರೆ (ಬುಖಾರಿ, ಮುಸ್ಲಿಮ್). ತಡವಾಯಿತೆಂದು ಅವರು ಕೈಬಿಡಲಿಲ್ಲ.

ಕುರ್‌ಆನ್‌ನಲ್ಲಿ ಗಟ್ಟಿಯಾಗಿ ನೂತ ನೂಲನ್ನು ತಾನೇ ಬಿಚ್ಚಿ ತುಂಡು ತುಂಡು ಮಾಡುವ ಹೆಂಗಸಿನ ಉದಾಹರಣೆಯಿದೆ (ಅನ್ನಹ್ಲ್: 92). ಅಲ್ಲಿ ಮಾತಿರುವುದು ಕೊಟ್ಟ ಪ್ರತಿಜ್ಞೆಯನ್ನು ಮುರಿಯುವವರ ಬಗ್ಗೆ. ಆದರೂ ರಮಝಾನ್ ಕಳೆದ ಮೇಲೆ ನನಗೆ ಪ್ರತಿ ಸಲ ಆ ಹೆಂಗಸು ನೆನಪಾಗುತ್ತಾಳೆ. ದೊಡ್ಡಬಳ್ಳಾಪುರದಲ್ಲಿ ನಮ್ಮ ಖಾಲಾರ ಪಕ್ಕದ ಮನೆಯಲ್ಲಿ ಮಗ್ಗವಿತ್ತು. ರಜೆಯಲ್ಲಿ ಹೋದಾಗ ಬಾಗಿಲಲ್ಲಿ ಕುಳಿತು ನೋಡುತ್ತಿದ್ದೆ. ಎಳೆ ಹರಿದರೆ ಮಗ್ಗ ನಿಲ್ಲಿಸಿ, ಗಂಟು ಹಾಕಿ, ಮತ್ತೆ ಚಾಲೂ ಮಾಡುತ್ತಿದ್ದರು. ಹರಿದದ್ದಕ್ಕೆ ಯಾರೂ ಅಳುತ್ತಿರಲಿಲ್ಲ, ನೇಯ್ದಷ್ಟು ಬಟ್ಟೆಯನ್ನು ಬಿಚ್ಚುತ್ತಲೂ ಇರಲಿಲ್ಲ.

ಮನೆಯ ಹೊರಗೆ ಹೊತ್ತನ್ನು ಹಿಡಿದುಕೊಳ್ಳುವುದು ಇನ್ನೂ ಕಷ್ಟ ಎನ್ನುವವರಿದ್ದಾರೆ. ನಿಜ. ಶಾಲೆ ಬಿಟ್ಟ ಮೇಲೆ ನನ್ನ ಬಸ್ಸು ಎಷ್ಟೋ ದಿನ ತಡ. ಚಳಿಗಾಲದಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ಅಸ್ರ್ ದಾರಿಯಲ್ಲೇ ಹೋಗುತ್ತಿತ್ತು. ಬೆಟ್ಟದ ಬುಡದಲ್ಲಿ ಹಣ್ಣುಕಾಯಿ ಮಾರುವ ಒಬ್ಬ ಅಜ್ಜಿಯ ಅಂಗಡಿಯಿದೆ. ಒಂದು ದಿನ ಧೈರ್ಯ ಮಾಡಿ "ಅಜ್ಜಿ, ಐದು ನಿಮಿಷ ಒಳಗೆ ನಮಾಝ್ ಮಾಡಿಕೊಳ್ಳಲಾ?" ಎಂದೆ. ಗೋಣಿಚೀಲಗಳನ್ನು ಸರಿಸಿ ಜಾಗ ಮಾಡಿ ಕೊಟ್ಟರು. ಈಗ ನಾನು ಬಸ್ಸಿನ ಕಡೆ ನೋಡುತ್ತಾ ಮೈಮರೆತರೆ ಅವರೇ ಕೂಗುತ್ತಾರೆ: "ಮೇಡಮ್ಮೋರೇ, ನಿಮ್ ಟೈಮಾಯ್ತಲ್ಲ!" ಭಾನುವಾರ, ಹಬ್ಬದ ದಿನ ಬೆಟ್ಟ ಹತ್ತುವ ಜನ ತುಂಬಿ ವ್ಯಾಪಾರ ಜೋರಾಗಿರುವಾಗ ಮಾತ್ರ ನಾನೇ ಆ ಕಡೆ ಹೋಗುವುದಿಲ್ಲ. ಅವರ ದುಡಿಮೆಗೆ ಅಡ್ಡಿ ಮಾಡುವುದು ಸರಿಯಲ್ಲ.

ಆ ತಾಯಿಗೆ ಅಂದು ನಾನು ಹೇಳಿದ್ದು ಎರಡೇ. ಕಾರ್ಖಾನೆಯ ಊಟದ ಬಿಡುವಿನಲ್ಲಿ ಝುಹ್ರ್‌ನ ನಾಲ್ಕು ಫರ್ಝನ್ನು ಹಿಡಿ, ಉಳಿದವು ಅದರ ಹಿಂದೆ ಬರಲಿ, ತಪ್ಪಿದ್ದನ್ನು ಆ ದಿನವೇ ಕಝಾ ಮಾಡು. ರಾತ್ರಿ ಮಲಗುವಾಗ ತಸ್ಬೀಹೆ ಫಾತಿಮಾ ಬಿಡಬೇಡ. ಬೀಸುಕಲ್ಲು ತಿರುಗಿಸಿ ಕೈ ಬೊಬ್ಬೆಯೆದ್ದಿದ್ದ ಹ. ಫಾತಿಮಾ(ರ) ಸೇವಕಿಯೊಬ್ಬಳನ್ನು ಕೇಳಲು ತಂದೆಯ ಬಳಿ ಹೋದಾಗ ಅವರಿಗೆ ಸಿಕ್ಕಿದ್ದು ಈ ತಸ್ಬೀಹ್. ಸುಬ್‌ಹಾನಲ್ಲಾಹ್ 33, ಅಲ್‌ಹಮ್ದುಲಿಲ್ಲಾಹ್ 33, ಅಲ್ಲಾಹು ಅಕ್ಬರ್ 34. ಕೇಳಿದ ದಿನದಿಂದ ಹ. ಅಲೀ(ರ) ಅದನ್ನು ಬಿಡಲಿಲ್ಲ. ಸಿಫ್ಫೀನ್ ಯುದ್ಧದ ರಾತ್ರಿಯೂ ಬಿಡಲಿಲ್ಲವೇ ಎಂದು ಯಾರೋ ಕೇಳಿದರು. ಆ ರಾತ್ರಿಯೂ ಬಿಟ್ಟಿಲ್ಲ ಎಂದರು (ಬುಖಾರಿ, ಮುಸ್ಲಿಮ್). ಆ ಯುದ್ಧ ನಡೆದದ್ದು ಕ್ರಿ.ಶ. 657ರಲ್ಲಿ, ಅಂದರೆ ಪ್ರವಾದಿವರ್ಯರ(ಸ) ವಿಯೋಗವಾಗಿ 25 ವರ್ಷಗಳ ನಂತರ. ಮುತ್ತಿದ ಕತ್ತಲು, ಎರಡೂ ಕಡೆ ಮುಸ್ಲಿಮರೇ, ಹೆಣಗಳು. ಆ ರಾತ್ರಿ 33, 33, 34.

ಮೊನ್ನೆ ಮಗುವನ್ನು ಕರೆದೊಯ್ಯಲು ಬಂದಾಗ ಅವಳನ್ನು ಕೇಳಿದೆ. ಝುಹ್ರ್ ಒಂದು ದಿನವೂ ಹೋಗಿಲ್ಲವಂತೆ. ಫಜ್ರ್ ವಾರದಲ್ಲಿ ನಾಲ್ಕು ದಿನ ಹೊತ್ತಿಗೆ ಸರಿಯಾಗಿ, ಮೂರು ದಿನ ಕಝಾ. ಕುರ್‌ಆನ್ ದಿನಕ್ಕೆ ಅರ್ಧ ಪುಟ. "ಮತ್ತೆ ಆ ದಿನಗಳು ಬಂದಿವೆ ಆಪಾ" ಎಂದು ತಗ್ಗಿದ ದನಿಯಲ್ಲಿ ಹೇಳಿದಳು. "ಆದರೆ ಫಜ್ರ್‌ನ ಅಲಾರಂ ತೆಗೆದಿಲ್ಲ. ಎದ್ದು ಐದು ನಿಮಿಷ ಕೂತು, ಆಮೇಲೆ ಚಹಾಕ್ಕೆ ನೀರಿಡುತ್ತೇನೆ."