ಅಭಿಷೇಕದ ಹಾಲು ಮತ್ತು ಕೋಣಗರುವಿನ ಹಸಿವು

ಎಮ್ಮೆಯು ವರ್ಷದ ಎಲ್ಲ ಕಾಲದಲ್ಲಿಯೂ ಸಮವಾಗಿ ಈಯುವ ಪ್ರಾಣಿಯಲ್ಲ. ಹಗಲು ಕಿರಿದಾಗುತ್ತ ಬಂದಂತೆ ಅದಕ್ಕೆ ಬೆದೆ ಬರುವುದು ಹೆಚ್ಚು. ಗರ್ಭದ ಅವಧಿ ಸುಮಾರು 10 ತಿಂಗಳು. ಹೀಗಾಗಿ ಮಳೆಗಾಲದ ನಡುವಿನಿಂದ ಚಳಿಗಾಲದ ಮೊದಲವರೆಗೆ ಕರುಗಳು ಒತ್ತೊತ್ತಾಗಿ ಹುಟ್ಟುತ್ತವೆ. ಅಥಣಿ ತಾಲೂಕಿನ ಸತ್ತಿಯಂತಹ ಕೃಷ್ಣಾ ತೀರದ ಊರುಗಳಲ್ಲಿ ಈ ಕಾಲವೂ ಚಾತುರ್ಮಾಸವೂ ಒಂದರೊಡನೊಂದು ಕೂಡಿ ಬರುತ್ತವೆ. ಬಸದಿಯಲ್ಲಿ ದಶಲಕ್ಷಣ ಪರ್ವದ ಪ್ರವಚನ ನಡೆಯುವಾಗಲೇ ಎಷ್ಟೋ ಕೊಟ್ಟಿಗೆಗಳಲ್ಲಿ ಕೋಣಗರು ತಾಯಿಯ ಕೆಚ್ಚಲಿಗೆ ಎಟುಕದಂತೆ ಕಟ್ಟಿಹಾಕಲ್ಪಟ್ಟಿರುತ್ತದೆ. ಗಡ್ಡೆಗೆಣಸಿನ ತ್ಯಾಗ, ಸೋಸಿದ ನೀರು, ರಾತ್ರಿಭೋಜನ ಇವೆಲ್ಲ ಪ್ರವಚನಕ್ಕೆ ವಿಷಯಗಳಾಗುತ್ತವೆ. ಆ ಹಗ್ಗ ಮಾತ್ರ ಆಗುವುದಿಲ್ಲ.

ಹುಟ್ಟುವ ಕರುಗಳಲ್ಲಿ ಅರ್ಧದಷ್ಟು ಗಂಡು. ಸುಮಾರು 30 ಕಿಲೋ ತೂಗುವ ಕರುವಿಗೆ ದಿನಕ್ಕೆ ತೂಕದ ಹತ್ತರಲ್ಲೊಂದು ಪಾಲು, ಎಂದರೆ 3 ಲೀಟರಿನಷ್ಟು ಹಾಲು ಬೇಕು. ರೋಗನಿರೋಧಕ ಶಕ್ತಿ ಅದಕ್ಕೆ ದೊರೆಯುವುದು ಮೊದಲ ತಾಸುಗಳ ಗಿಣ್ಣದ ಹಾಲಿನಿಂದ. ಆ ಗಿಣ್ಣ ಮನೆಯವರ ಸಿಹಿಯಾಗುತ್ತದೆ, ಹಾಲು ಡೈರಿಗೆ ಹೋಗುತ್ತದೆ. ಹೆಣ್ಣುಗರುವಿಗೆ ಸಿಗುವ ಜಂತಿನ ಔಷಧಿ ಗಂಡಿಗೆ ಸಿಗುವುದಿಲ್ಲ. ಕೆಲವು ವಾರಗಳಲ್ಲಿ ಕರು ಭೇದಿಯಿಂದ ಸಾಯುತ್ತದೆ. ಮಾಲೀಕರು ‘ರೋಗ ಬಂತು’ ಎನ್ನುತ್ತಾರೆ. ಬಳಿಕ ಎಮ್ಮೆ ತೊರೆಬಿಡಲೆಂದು ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದಿಡುವ, ಇಲ್ಲವೆ ಆಕ್ಸಿಟೋಸಿನ್ ಚುಚ್ಚುವ ಪದ್ಧತಿಯೂ ಉಂಟು.

ನ್ಯೂಜಿಲೆಂಡಿನಲ್ಲಿ ಹುಲ್ಲು ಚಿಗುರುವ ಕಾಲಕ್ಕೆ ಸರಿಯಾಗಿ ಹಿಂಡೆಲ್ಲ ಈಯುವಂತೆ ಯೋಜಿಸುತ್ತಾರೆ. ಬೇಡವಾದ ಲಕ್ಷಗಟ್ಟಲೆ ಕರುಗಳು ಕೆಲವೇ ದಿನಗಳಲ್ಲಿ ಕಸಾಯಿಖಾನೆ ಸೇರುತ್ತವೆ. ಅದನ್ನು ಕೇಳಿ ನಮ್ಮ ಶ್ರಾವಕರು ಕಿವಿ ಮುಚ್ಚಿಕೊಳ್ಳುತ್ತಾರೆ. ಕತ್ತಿಯಿಲ್ಲದ ಮಾತ್ರಕ್ಕೆ ಇಲ್ಲಿಯದು ಅಹಿಂಸೆಯಾಯಿತೆ? ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಬಂಧವೂ ಇದೆ, ಅನ್ನಪಾನನಿರೋಧವೂ ಇದೆ. ಹಗ್ಗ ಒಂದು, ಹಸಿವು ಇನ್ನೊಂದು. ಇದಕ್ಕಿಂತ ನೇರವಾದ ಉದಾಹರಣೆಯನ್ನು ಯಾವ ವ್ಯಾಖ್ಯಾನಕಾರರೂ ಹುಡುಕಬೇಕಾಗಿಲ್ಲ.

ರೈತನೊಬ್ಬನನ್ನೇ ದೂಷಿಸುವುದು ಅನ್ಯಾಯ. ಟ್ರ್ಯಾಕ್ಟರು ಬಂದ ಮೇಲೆ ಕೋಣಕ್ಕೆ ಕೆಲಸವಿಲ್ಲ. 2021ರಲ್ಲಿ ಜಾರಿಗೆ ಬಂದ ರಾಜ್ಯದ ಗೋಹತ್ಯೆ ನಿಷೇಧ ಕಾಯ್ದೆಯು 13 ವರ್ಷದೊಳಗಿನ ಎಮ್ಮೆ ಕೋಣಗಳ ವಧೆಯನ್ನೂ ನಿಷೇಧಿಸಿತು. ಅಷ್ಟು ವರ್ಷ ಅದಕ್ಕೆ ಮೇವು ಹಾಕುವವರು ಯಾರೆಂದು ಹೇಳಲಿಲ್ಲ. ಕಾಯ್ದೆಯನ್ನು ಸ್ವಾಗತಿಸಿದ ಸಮಾಜವು ಆ ಮೇವಿನ ಲೆಕ್ಕವನ್ನೂ ಕೇಳಬೇಕಿತ್ತು. ಗೋಶಾಲೆಗೆ ಕೈಬಿಚ್ಚಿ ದಾನ ನೀಡುವವರಿಗೆ ಕಪ್ಪು ಕೋಣಗರು ಕಣ್ಣಿಗೆ ಬೀಳುವುದಿಲ್ಲ. ಜೀವದಯೆಗೂ ಬಣ್ಣದ ಭೇದವಿದ್ದೀತೆ?

ಭಕ್ತರು ತಂದ ಹಾಲನ್ನು ವಿಚಾರಿಸುವುದು ಹೇಗೆ ಎಂದು ಬಸದಿಯ ಪಂಚರು ಕೇಳಬಹುದು. ಈಗಲೂ ವಿಚಾರಿಸುತ್ತಲೇ ಇದ್ದಾರಲ್ಲ! ಪಾತ್ರೆ ಶುದ್ಧವೆ, ಹಾಲು ಸೋಸಿದ್ದೆ, ಕರೆದು 48 ನಿಮಿಷದೊಳಗೆ ಕಾಯಿಸಿದ್ದೆ ಎಂದು ಗಡಿಯಾರ ನೋಡಿ ಕೇಳುವವರು, ಈ ಎಮ್ಮೆಯ ಕರು ಎಲ್ಲಿದೆ ಎಂದೂ ಕೇಳಬಹುದು. ಪಂಚಾಮೃತಾಭಿಷೇಕದ ಹಾಲನ್ನು ಕರು ಬದುಕಿರುವ ಮನೆಯಿಂದಲೇ, ಪೇಟೆಗಿಂತ ಹೆಚ್ಚಿನ ಬೆಲೆ ಕೊಟ್ಟು ತರಿಸಲಿ. ಈಯುವ ಕಾಲ ಮೊದಲೇ ತಿಳಿದಿರುವುದರಿಂದ ಆಷಾಢದಲ್ಲಿಯೇ ಕೋಣಗರುಗಳ ಮೇವು ಔಷಧಿಗಳಿಗೆ ಹಣ ಎತ್ತಿಡಲಿ. ಅಂಥ ಹಾಲು ಕೊಡ ತುಂಬದಿದ್ದರೆ ಒಂದು ಬಟ್ಟಲಿನಿಂದಲೇ ಅಭಿಷೇಕ ನೆರವೇರಲಿ, ಉಳಿದದ್ದಕ್ಕೆ ಶುದ್ಧಜಲವಿದೆ.