ಮಣ್ಣು ನೋಡಿ ಲಘು ಪೋಷಕಾಂಶ ಕೊಡಿರಿ

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಲ್ಲಿ ಚಿಗುರೆಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆಯ ಲಕ್ಷಣ. ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ. ಆದರೆ ಸುಣ್ಣದ ಅಂಶ ಹೆಚ್ಚಿ ರಸಸಾರ 8 ದಾಟಿದ ಹೊಲದಲ್ಲಿ ಅದು ಬೇರಿಗೆ ದಕ್ಕದು. ಅಲ್ಲಿ ಅನ್ನಭೇದಿಯನ್ನು ನೆಲಕ್ಕೆ ಹಾಕಿದರೆ ಅದೂ ಬೇಗನೆ ಬಂಧಿತವಾಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ತಂಪು ಹೊತ್ತಿನಲ್ಲಿ ಎಲೆಗಳಿಗೆ ಸಿಂಪಡಿಸಿರಿ.

ತಾಮ್ರದ ಸಂಗತಿ ಬೇರೆ. ಬೋರ್ಡೋ ದ್ರಾವಣ ಸಿಂಪಡಿಸುವ ತೋಟದಲ್ಲಿ ಅದು ವರ್ಷವರ್ಷಕ್ಕೂ ಮಣ್ಣಿನಲ್ಲಿ ಶೇಖರವಾಗುತ್ತದೆ. ಆದ್ದರಿಂದ ಎಲ್ಲ ಲಘು ಪೋಷಕಾಂಶ ಬೆರೆಸಿದ ಚೀಲವನ್ನು ಕಣ್ಣುಮುಚ್ಚಿ ಕೊಳ್ಳುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ವರದಿಯನ್ನು ವಿಜಯಪುರದ ಹಿಟ್ಟಿನಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿರಿ.